ಮುಖ ನೋಡಿ ಮಣೆ ಹಾಕುವ ಮುನ್ನ

ಇವತ್ತು ಮಾತಾಡಲು ನನಗೆ ಕೊಟ್ಟಿರುವುದು ಎರಡು ಪ್ರಶ್ನೆ. ಜೊತೆಗೆ ಕೆಲಸ ಮಾಡುವವರಲ್ಲಿ ಯಾರು ಅಸಲಿ, ಯಾರು ನಕಲಿ ಅಂತ ಗುರುತಿಸುವುದು ಹೇಗೆ? ನಮ್ಮನ್ನು ಸೇರಿಸಿಕೊಳ್ಳದ ಕಚೇರಿಯಲ್ಲಿ ನಮ್ಮ ಬಗ್ಗೆ ನಮಗಿರುವ ಗೌರವ ಉಳಿಸಿಕೊಳ್ಳುವುದು ಹೇಗೆ? ಸಾಮಾನ್ಯವಾಗಿ ಇವೆರಡರ ಬಗ್ಗೆ ಬೇರೆ ಬೇರೆ ದಿನ, ಬೇರೆ ಬೇರೆಯವರು ಮಾತಾಡುತ್ತಾರೆ. ನನಗೆ ಮಾತ್ರ ಇವು ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಯಾರೂ ಮಾತಾಡಿಸದ ಜಾಗದಲ್ಲಿ ನಾವು ಯಾರನ್ನು ನಂಬುತ್ತೇವೋ, ನಾವು ಎಂಥವರು ಅಂತ ಹೇಳುವ ಅಧಿಕಾರ ಅವರ ಕೈಗೇ ಹೋಗುತ್ತದೆ. ನಂಬುವವರನ್ನು ಆರಿಸುವಾಗ ಎಡವಿದರೆ ನಮ್ಮ ಬೆಲೆಯ ಲೆಕ್ಕವೂ ಎಡವಟ್ಟಾಗುತ್ತದೆ.

ಮೊದಲು ಒಂದು ನಂಬಿಕೆಯನ್ನು ಸ್ವಲ್ಪ ಅಲ್ಲಾಡಿಸೋಣ. "ಮುಖ ನೋಡಿದರೆ ಸಾಕು, ಮನುಷ್ಯ ಎಂಥವನು ಅಂತ ಹೇಳಿಬಿಡ್ತೀನಿ" ಅನ್ನುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನಾಚಿಕೆ ಬೇಡ. ಹ್ಞಾಂ, ಅರ್ಧ ಸಭೆಗಿಂತ ಜಾಸ್ತಿಯೇ ಇದ್ದೀರಿ.

ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗೆ ನಡೆದಿದ್ದ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. 24,000ಕ್ಕೂ ಹೆಚ್ಚು ಜನ ಬೇರೆಯವರ ಮಾತು ಕೇಳಿ, ಅದು ನಿಜವೋ ಸುಳ್ಳೋ ಅಂತ ತೀರ್ಪು ಕೊಟ್ಟಿದ್ದರು. ಸರಿಯಾಗಿ ಹೇಳಿದ್ದು ಸರಾಸರಿ ಶೇಕಡಾ 54. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು! ಅದರೊಳಗೂ ಒಂದು ವಿಚಿತ್ರ ಇದೆ. ನಿಜವನ್ನು ನಿಜ ಅಂತ ಗುರುತಿಸಿದ್ದು ಶೇಕಡಾ 61, ಸುಳ್ಳನ್ನು ಸುಳ್ಳು ಅಂತ ಹಿಡಿದದ್ದು ಬರೀ 47. ಅಂದರೆ ನಮ್ಮ ಮನಸ್ಸು ಮೊದಲಿಗೆ ನಂಬುವ ಕಡೆಗೇ ವಾಲುತ್ತದೆ. ದಿನವೂ ಇದೇ ಕೆಲಸ ಮಾಡುವ ಪರಿಣತರು ಕೂಡ ನಮ್ಮ ನಿಮ್ಮಂಥವರಿಗಿಂತ ಹೇಳಿಕೊಳ್ಳುವಷ್ಟು ಮೇಲೇನೂ ಇರಲಿಲ್ಲ.

ಸುಳ್ಳು ಹೇಳುವವರನ್ನು ಹೇಗೆ ಕಂಡುಹಿಡಿಯುತ್ತೀರಿ ಅಂತ ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆ: "ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ." 75 ದೇಶಗಳಲ್ಲಿ ಜನರನ್ನು ಕೇಳಿದ ಒಂದು ದೊಡ್ಡ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಉತ್ತರ ಇದೇ. ಆದರೆ ಅಳೆದು ನೋಡಿದರೆ, ಸುಳ್ಳು ಹೇಳುವವರು ನಿಜ ಹೇಳುವವರಿಗಿಂತ ಕಣ್ಣು ತಪ್ಪಿಸುವುದೇನೂ ಜಾಸ್ತಿಯಲ್ಲ. ಸಂದರ್ಶನ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತಲೆ ತಗ್ಗಿಸಿ ಉತ್ತರ ಕೊಡುವ ಹುಡುಗ ಕಳ್ಳನಲ್ಲ, ಸಂಕೋಚದವನು ಇರಬಹುದು. ನೆಟ್ಟ ನೋಟದಲ್ಲಿ ನೋಡುತ್ತ ಕೈಕುಲುಕುವವನು ಸಾಚಾ ಅಂತಲೂ ಅಲ್ಲ, ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದಿರಬಹುದು. ಇದು ಬೇರೆ ದಾರಿ, ಬಿಡಿ, ನಮ್ಮ ವಿಷಯಕ್ಕೆ ಬರುತ್ತೇನೆ.

ಮುಖ ಬಿಡಿ, ಮಾತನ್ನೇ ಹಿಡಿಯೋಣ ಅಂದರೆ ಅಲ್ಲೂ ಒಂದು ಗುಂಡಿ ಇದೆ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಕೆಲವು, ವಿರುದ್ಧವಾಗಿ ಕೆಲವು ಪ್ರಬಂಧ. ಓದಿದವರು ಬರೆದವನ ನಿಜವಾದ ಅಭಿಪ್ರಾಯ ಏನು ಅಂತ ಹೇಳಬೇಕು. ಬರೆದವನೇ ಪಕ್ಷ ಆರಿಸಿಕೊಂಡಿದ್ದ ಅಂತ ತಿಳಿದಾಗ, ಬರೆದದ್ದೇ ಅವನ ಅಭಿಪ್ರಾಯ ಅಂದರು. ಸರಿಯೇ. ಆದರೆ "ಇದೇ ಪಕ್ಷ ವಹಿಸಿ ಬರಿ ಅಂತ ಅವನಿಗೆ ಮೇಲಿನಿಂದ ಹೇಳಿದ್ದರು" ಅಂತ ತಿಳಿಸಿದಾಗಲೂ ಓದಿದವರು ಪೂರ್ತಿ ಬದಲಾಗಲಿಲ್ಲ. ಪರವಾಗಿ ಬರೆದವನಿಗೆ ಒಳಗೊಳಗೆ ಕ್ಯಾಸ್ಟ್ರೋ ಬಗ್ಗೆ ಒಲವು ಇದ್ದೇ ಇದೆ ಅಂತಲೇ ಎಣಿಸಿದರು. ಒತ್ತಾಯ ಇತ್ತು ಅಂತ ಗೊತ್ತು, ಆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ನಂತರ ಲೀ ರಾಸ್ ಇದಕ್ಕೊಂದು ಹೆಸರನ್ನೂ ಇಟ್ಟರು. ಹೆಸರು ಇಲ್ಲಿ ಮುಖ್ಯ ಅಲ್ಲ. ಪರಿಸ್ಥಿತಿ ಮಾಡಿಸಿದ್ದನ್ನು ನಾವು ಗುಣ ಅಂತ ಓದಿಕೊಳ್ಳುತ್ತೇವೆ, ಅದು ಮುಖ್ಯ.

ಇದನ್ನು ಕಚೇರಿಯೊಳಗೆ ತಂದು ನೋಡಿ. ಮೇಲಿನವರು ಬರೆದುಕೊಟ್ಟ ನಿರ್ಧಾರವನ್ನು ನಿಮ್ಮ ಮ್ಯಾನೇಜರ್ ಓದಿ ಹೇಳುತ್ತಾರೆ. ದನಿ ಒಣಗಿದೆ, ಮುಖದಲ್ಲಿ ಏನೂ ಇಲ್ಲ. ನಿಮಗೆ ಅನ್ನಿಸುವುದು, "ಎಷ್ಟು ಕಲ್ಲು ಮನಸ್ಸು ಇವರದು." ಹೊಸದಾಗಿ ಸೇರಿದ ದಿನ ಪಕ್ಕದವರು ತಲೆಯೇ ಎತ್ತಲಿಲ್ಲ. ಅನ್ನಿಸುವುದು, "ಏನು ಗರ್ವ!" ಅವರಿಗೆ ಅವತ್ತು ಸಂಜೆಯೊಳಗೆ ಏನೋ ಮುಗಿಸಬೇಕಿತ್ತು ಅನ್ನುವುದು ನಮಗೆ ಕಾಣುವುದಿಲ್ಲ. ಹಾಗಂತ ಕಲ್ಲು ಮನಸ್ಸಿನವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಇದ್ದಾರೆ. ಒಂದು ದಿನದ ಒಂದು ಮುಖದಿಂದ ಅದು ತಿಳಿಯುವುದಿಲ್ಲ ಅಷ್ಟೇ.

ನಗುವ ಮುಖದ್ದೂ ಅದೇ ಕಥೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಹತ್ತಿರದಿಂದ ನೋಡಿ 1983ರಲ್ಲಿ ಬರೆದರು. ಒಬ್ಬರಿಗೆ ನಗುವುದೇ ಕೆಲಸ, ಇನ್ನೊಬ್ಬರಿಗೆ ಗಡುಸಾಗಿರುವುದೇ ಕೆಲಸ. ಎರಡಕ್ಕೂ ಸಂಬಳ. ಒಳಗೆ ಏನಿದ್ದರೂ ಮೇಲೆ ಒಂದು ಮುಖ ಹಾಕಿಕೊಂಡು ನಿಲ್ಲುವುದು ಕೂಡ ಮೂಟೆ ಹೊತ್ತ ಹಾಗೆ ದುಡಿಮೆಯೇ ಅಂತ ಅವರು ತೋರಿಸಿದರು. ಮನೆಯಲ್ಲಿ ಮಗುವಿಗೆ ಜ್ವರ ಇದ್ದರೂ ಕೌಂಟರಿನಲ್ಲಿ ಕೂತು "ಹೇಳಿ ಸಾರ್" ಅಂತ ನಗುವ ಹೆಂಗಸು ನಕಲಿಯೇ? ಅವಳನ್ನು ನಕಲಿ ಅಂದರೆ ನಾವೆಲ್ಲರೂ ನಕಲಿಗಳೇ.

ಹಾಗಾಗಿ "ಒಳಗಿರುವುದು ಹೊರಗೆ ಕಾಣುವವನೇ ಅಸಲಿ" ಅನ್ನುವ ಅಳತೆಗೋಲನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದರಿಂದ ಕಚೇರಿಯಲ್ಲಿ ಉಪಯೋಗ ಇಲ್ಲ. ಒಳಗಿರುವುದನ್ನೆಲ್ಲ ಹೊರಗೆ ಸುರಿಯುವ ಮನುಷ್ಯನ ಪಕ್ಕ ಕೂತು ಕೆಲಸ ಮಾಡಿದವರಿಗೆ ಅದರ ಕಷ್ಟವೂ ಗೊತ್ತಿರುತ್ತದೆ! "ನಾನು ಇರೋದೇ ಹೀಗೆ, ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ" ಅನ್ನುವವರು ತಮಗಿಂತ ಮೇಲಿನವರ ಮುಖಕ್ಕೂ ಹಾಗೇ ಹೇಳುತ್ತಾರಾ ಅಂತ ಒಮ್ಮೆ ನೋಡಿ. ಅಲ್ಲಿ ಅವರ ದನಿ ಬೆಣ್ಣೆಯ ಹಾಗಿದ್ದರೆ, ಅದು ನೇರ ಮಾತಲ್ಲ, ಯಾರು ತಿರುಗಿ ಬೀಳುವುದಿಲ್ಲ ಅಂತ ಲೆಕ್ಕ ಹಾಕಿ ಆಡಿದ ಮಾತು.

ನಾನು ನೋಡುವುದು ಬೇರೆ. ಆಡಿದ್ದಕ್ಕೂ ಮಾಡಿದ್ದಕ್ಕೂ ಎಷ್ಟು ಅಂತರ ಇದೆ? ನೀವು ಇದ್ದಾಗ ಒಂದು, ಇಲ್ಲದಾಗ ಇನ್ನೊಂದು ಆಗುತ್ತದಾ? ಸ್ವಲ್ಪ ನಷ್ಟ ಆಗುವ ಜಾಗದಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ?

ಒಂದು ಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನೀವೆಲ್ಲ ನೂರು ಸಲ ಕೂತಿರುವಂಥದ್ದೇ. ಹೊಸದಾಗಿ ಸೇರಿದ ಹುಡುಗಿ ಒಂದು ಸಲಹೆ ಕೊಡುತ್ತಾಳೆ: ವಾರದ ವರದಿಯನ್ನು ಶುಕ್ರವಾರದ ಬದಲು ಗುರುವಾರವೇ ಮುಗಿಸಿದರೆ ತಪ್ಪು ತಿದ್ದಲು ಒಂದು ದಿನ ಸಿಗುತ್ತದೆ. ಯಾರೂ ಹ್ಞೂಂ ಅನ್ನುವುದಿಲ್ಲ. ಮಾತು ಮುಂದೆ ಹೋಗುತ್ತದೆ. ಹತ್ತು ನಿಮಿಷ ಕಳೆದು ಹಿರಿಯರೊಬ್ಬರು ಅದನ್ನೇ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಬೆಳಿಗ್ಗೆಯಷ್ಟೇ "ನಿಮ್ಮಂಥವರು ನಮ್ಮ ಟೀಮಿಗೆ ಬಂದದ್ದು ನಮ್ಮ ಅದೃಷ್ಟ" ಅಂದಿದ್ದ ನಗುಮುಖದವನು ಆಗ ಲ್ಯಾಪ್‌ಟಾಪಿನಲ್ಲಿ ಮುಳುಗಿರುತ್ತಾನೆ. ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಒಬ್ಬರು ಹತ್ತಿರ ಬಂದು, "ಅದು ನಿಮ್ಮ ಐಡಿಯಾ ಅಂತ ನಂಗೊತ್ತು ಕಣ್ರೀ" ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ. ಇನ್ನೊಬ್ಬರಿದ್ದರು, ಸಿಡುಕು ಮುಖದವರು, ನಮಸ್ಕಾರಕ್ಕೂ ತಿರುಗಿ ನಮಸ್ಕಾರ ಅನ್ನದವರು. ಅವರು ಸಭೆಯಲ್ಲೇ, ಕಾಗದದಿಂದ ತಲೆ ಎತ್ತದೆ, "ಇದನ್ನ ಇವರು ಆಗಲೇ ಹೇಳಿದ್ರಲ್ಲ" ಅಂದಿರುತ್ತಾರೆ.

ಅವತ್ತು ರಾತ್ರಿ ಆ ಹುಡುಗಿಗೆ ನೆನಪಾಗುವುದು ಯಾರು ಹೇಳಿ? ನಗುಮುಖದವನು ಮತ್ತು ಕಾರಿಡಾರಿನವರು. ಅವರ ಮಾತು ಬೆಚ್ಚಗಿತ್ತು. ಸಿಡುಕಿನವರ ನಾಲ್ಕು ಪದ ಸಭೆಯ ಗದ್ದಲದಲ್ಲಿ ಕರಗಿಹೋಗಿರುತ್ತದೆ. ಆದರೆ ಹಿರಿಯರ ಎದುರಿಗೆ, ಎಲ್ಲರ ಮುಂದೆ, ತಮಗೆ ಕವಡೆ ಲಾಭ ಇಲ್ಲದ ಮಾತು ಆಡಿದವರು ಅವರೊಬ್ಬರೇ. ಕಾರಿಡಾರಿನವರನ್ನು ನಾನು ಕೆಟ್ಟವರ ಸಾಲಿಗೆ ಸೇರಿಸುವುದಿಲ್ಲ. ಅವರಿಗೆ ಹೆದರಿಕೆ ಇದೆ, ಮನೆಯ ಕಂತು ಇರಬಹುದು. ಅವರ ಮಾತು ಸುಳ್ಳಲ್ಲ, ಅದರ ಭಾರ ಅಷ್ಟೇ ಅಂತ ತಿಳಿದುಕೊಂಡರೆ ಸಾಕು. ನಗುಮುಖದವನ ಬಗ್ಗೆಯೂ ಒಂದೇ ಸಭೆಯಿಂದ ತೀರ್ಪು ಬೇಡ. ನಿಜವಾಗಿಯೂ ಅವನು ಬೇರೆ ಕೆಲಸದಲ್ಲಿ ಮುಳುಗಿದ್ದಿರಬಹುದು. ಮೂರನೇ ಸಲವೂ ಸರಿಯಾಗಿ ಅದೇ ಗಳಿಗೆಗೆ ಲ್ಯಾಪ್‌ಟಾಪ್ ತೆರೆದರೆ, ಆಗ ಸರಿ.

ಇನ್ನೊಂದು ಸುಲಭದ ಪರೀಕ್ಷೆ ಹೇಳುತ್ತೇನೆ. ನಿಮ್ಮ ಹತ್ತಿರ ಬೇರೆಯವರ ಗುಟ್ಟು ತಂದು ಹೇಳುವವರು ನಿಮ್ಮನ್ನು ತುಂಬ ಹತ್ತಿರದವರು ಅಂದುಕೊಂಡಿದ್ದಾರೆ ಅಂತ ಖುಷಿಪಡಬೇಡಿ. ನಿಮ್ಮ ಗುಟ್ಟು ಇನ್ನೊಂದು ಮೇಜಿಗೆ ಹೋಗುವ ದಾರಿಯೂ ಅದೇ. ನಮಗೂ ಹಿತ್ತಾಳೆ ಕಿವಿ ಇರಬಾರದು, ಅದು ಬೇರೆ ಮಾತು.

ಸರಿ, ಇಷ್ಟೆಲ್ಲ ಗೊತ್ತಿದ್ದರೂ ನಾವು ನಗುಮುಖದ ಹಿಂದೆ ಯಾಕೆ ಹೋಗುತ್ತೇವೆ? ಇಲ್ಲಿಂದ ಎರಡನೇ ಪ್ರಶ್ನೆ ಶುರುವಾಗುತ್ತದೆ.

ಕಿಪ್ಲಿಂಗ್ ವಿಲಿಯಮ್ಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು. 1980ರ ದಶಕದಲ್ಲಿ ಒಮ್ಮೆ ನಾಯಿಯ ಜೊತೆ ಪಾರ್ಕಿನಲ್ಲಿ ಕೂತಿದ್ದರಂತೆ. ಒಂದು ಫ್ರಿಸ್ಬೀ ಬಂದು ಅವರಿಗೆ ತಗುಲಿತು. ಆಡುತ್ತಿದ್ದ ಇಬ್ಬರು ಅಪರಿಚಿತರ ಕಡೆಗೆ ಎಸೆದರು. ಅವರು ತಿರುಗಿ ಇವರ ಕಡೆಗೇ ಎಸೆದರು. ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಒಂದು ಮಾತೂ ಇಲ್ಲದೆ ಆ ಇಬ್ಬರೂ ಇವರ ಕಡೆ ಎಸೆಯುವುದನ್ನು ನಿಲ್ಲಿಸಿದರು. ಹೆಸರೂ ಗೊತ್ತಿಲ್ಲದ ಇಬ್ಬರು. ಇನ್ನೆಂದೂ ನೋಡಬೇಕಾಗಿಲ್ಲದವರು. ಆದರೂ ವಿಲಿಯಮ್ಸ್ ಅವರಿಗೆ ಆದ ಸಂಕಟ ಎಷ್ಟಿತ್ತು ಅಂದರೆ, ಅದನ್ನೇ ಪ್ರಯೋಗ ಮಾಡಿಬಿಟ್ಟರು. ಮುಂದೆ ಅದು ಕಂಪ್ಯೂಟರಿನಲ್ಲಿ ಆಡುವ ಚೆಂಡಾಟ ಆಯಿತು. ತೆರೆಯ ಮೇಲೆ ನೀವು ಒಬ್ಬರು, ಬೇರೆ ಇಬ್ಬರು. ಮೊದಲು ಒಂದೆರಡು ಸಲ ಚೆಂಡು ನಿಮಗೆ ಬರುತ್ತದೆ, ಆಮೇಲೆ ಬರುವುದೇ ಇಲ್ಲ. ಕೆಲವೇ ನಿಮಿಷದ ಆಟ. ಅಷ್ಟಕ್ಕೇ ಆಡಿದವರಲ್ಲಿ ನಾಲ್ಕು ವಿಷಯ ಕುಸಿಯುತ್ತವೆ: ನಾನು ಇವರಲ್ಲಿ ಒಬ್ಬ ಅನ್ನುವ ಭಾವ, ನನ್ನ ಬಗ್ಗೆ ನನಗಿರುವ ಗೌರವ, ನನ್ನ ಕೈಯಲ್ಲಿ ಏನೋ ಇದೆ ಅನ್ನುವ ಹಿಡಿತ, ನಾನು ಇರುವುದಕ್ಕೆ ಅರ್ಥ ಇದೆ ಅನ್ನುವ ನಂಬಿಕೆ.

2004ರ ಪ್ರಯೋಗದಲ್ಲಿ, "ಎದುರಿಗಿರುವುದು ಮನುಷ್ಯರಲ್ಲ, ಕಂಪ್ಯೂಟರ್" ಅಂತ ಮೊದಲೇ ಹೇಳಿದರು. ಆದರೂ ನೋವಾಯಿತು. 2007ರದು ಇನ್ನೂ ಮಜಾ. ಆಟ ಆಡುವ ಇಬ್ಬರು ಕು ಕ್ಲಕ್ಸ್ ಕ್ಲಾನ್‌ನವರು, ಅಂದರೆ ಅಮೆರಿಕದ ಆ ಜನಾಂಗದ್ವೇಷಿ ಗುಂಪಿನವರು ಅಂತ ಹೇಳಿದರು. ಅಂಥವರ ಜೊತೆ ಆಡುವುದು ಯಾರಿಗೆ ಬೇಕು? ಆದರೂ ಚೆಂಡು ಬಾರದಿದ್ದಾಗ ಅಷ್ಟೇ ಚುಚ್ಚಿತು.

ಈ ಮಾತನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ನಿಮ್ಮಲ್ಲಿ ಕೆಲವರು ಮೂಲೆಗುಂಪಾದ ನೋವಿನ ಮೇಲೆ ಇನ್ನೊಂದು ನೋವು ಹೊತ್ತಿರುತ್ತೀರಿ. "ಇಂಥ ಚಿಲ್ಲರೆ ಜನ ಮಾತಾಡಿಸಲಿಲ್ಲ ಅಂತ ನಾನು ಅಳುತ್ತಿದ್ದೀನಲ್ಲ, ನಾನೇ ದುರ್ಬಲ" ಅಂತ. ಇಲ್ಲ. ಮೊದಲ ಚುಚ್ಚು ಎಲ್ಲರಿಗೂ ಬರುತ್ತದೆ, ಯಾರು ದೂರ ಇಟ್ಟರು, ಅವರಿಗೆ ಆ ಯೋಗ್ಯತೆ ಇದೆಯಾ ಅಂತ ಅದು ಕೇಳುವುದಿಲ್ಲ. ಆ ಚುಚ್ಚು ನಿಮ್ಮ ಬೆಲೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಚೆಂಡು ಬರಲಿಲ್ಲ ಅಂತ ಮಾತ್ರ ಹೇಳುತ್ತಿದೆ. ಅದಾದ ಮೇಲೆ ನಾವು ಅದಕ್ಕೆ ಏನು ಅರ್ಥ ಕಟ್ಟುತ್ತೇವೆ ಅನ್ನುವುದರಲ್ಲಿ ಮಾತ್ರ ನಮ್ಮ ಕೈವಾಡ.

ಹೀಗೆ ಹೊರಗೆ ಉಳಿದವರಿಗೆ ಜನರನ್ನು ಅಳೆಯುವ ಶಕ್ತಿ ಏನಾಗುತ್ತದೆ? ಇಲ್ಲಿ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2008ರಲ್ಲಿ ಬರ್ನ್‌ಸ್ಟೈನ್ ಮತ್ತು ಜೊತೆಗಾರರು ಕೆಲವರಿಗೆ ತಮ್ಮನ್ನು ಯಾರೋ ದೂರ ಇಟ್ಟ ಒಂದು ಸಂದರ್ಭವನ್ನು ನೆನೆದು ಬರೆಯಲು ಹೇಳಿದರು. ಆಮೇಲೆ 20 ನಗುಮುಖಗಳ ವಿಡಿಯೊ ತೋರಿಸಿದರು. ಯಾವುದು ನಿಜವಾದ ನಗು, ಯಾವುದು ತೋರಿಕೆಯದು? ದೂರ ಇಟ್ಟ ನೆನಪಿನಲ್ಲಿದ್ದವರು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರು! ಒಳಗೆ ಬರಲು ಯಾವ ಬಾಗಿಲು ತೆರೆದಿದೆ ಅಂತ ಹುಡುಕುವ ಮನಸ್ಸು ಚುರುಕಾಗಿರುತ್ತದೆ ಅನ್ನುವುದು ಅವರ ವಿವರಣೆ. ಇದನ್ನು ಕೇಳಿ ಹಿಗ್ಗಬೇಡಿ. 2000ದಲ್ಲಿ ವಿಲಿಯಮ್ಸ್ ಮತ್ತು ಜೊತೆಗಾರರು 62 ದೇಶಗಳ 1,486 ಜನರನ್ನು ಇಂಟರ್‌ನೆಟ್ಟಿನಲ್ಲಿ ಇದೇ ಚೆಂಡಾಟ ಆಡಿಸಿದ್ದರು. ಅದರ ಜೊತೆಗೇ ಬೇರೆ ಜನರ ಮೇಲೆ ಮಾಡಿದ ಎರಡನೇ ಪ್ರಯೋಗದಲ್ಲಿ, ಆಟದಲ್ಲಿ ಹೊರಗುಳಿದವರು ಮುಂದಿನ ಕೆಲಸದಲ್ಲಿ, ಹೊಸ ಗುಂಪಿನ ಎಲ್ಲರೂ ತಪ್ಪು ಉತ್ತರ ಕೊಟ್ಟಾಗ, ತಾವೂ ಅದಕ್ಕೆ ಹ್ಞೂಂ ಅನ್ನುವುದು ಜಾಸ್ತಿಯಾಗಿತ್ತು.

ಅಂದರೆ ಕಣ್ಣು ಚುರುಕಾಗುತ್ತದೆ, ಬೆನ್ನುಮೂಳೆ ಮೆತ್ತಗಾಗುತ್ತದೆ. ನಗು ತೋರಿಕೆಯದು ಅಂತ ಗೊತ್ತಾದರೂ ಅದರ ಹಿಂದೆ ಹೋಗುತ್ತೇವೆ. ಹಸಿದವನಿಗೆ ರುಚಿ ಕಾಣುವುದಿಲ್ಲ ಅಂತಾರಲ್ಲ, ಹಾಗೆ. ಕಣ್ಣಂಚಿನ ಸ್ನಾಯು ಕುಗ್ಗಿದರೆ ಅದು ನಿಜವಾದ ನಗು ಅಂತ ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿದ್ದರು, ಆ ಸ್ನಾಯು ನಮ್ಮ ಇಚ್ಛೆಯ ಮಾತು ಕೇಳುವುದಿಲ್ಲ ಅಂತ. ಬೇಕಂತಲೇ ಹಾಗೆ ನಗಬಲ್ಲವರು ಬೇಕಾದಷ್ಟು ಜನ ಇದ್ದಾರೆ ಅಂತ ಈಚಿನ ಪ್ರಯೋಗಗಳು ತೋರಿಸಿವೆ. ಮತ್ತೆ ಅಲ್ಲಿಗೇ ಬಂದೆವು ನೋಡಿ. ಮುಖದಲ್ಲಿ ಹುಡುಕಬೇಡಿ.

ಅದಕ್ಕೇ ಹೊಸ ಜಾಗದಲ್ಲಿ ನಾನು ಹೇಳುವ ಒಂದೇ ಎಚ್ಚರಿಕೆ: ಮೊದಲು ಕೈಚಾಚಿದವರಿಗೆ ನಿಮ್ಮ ಪೂರ್ತಿ ಕಥೆ ಕೊಡಬೇಡಿ. ಅವರು ಕೆಟ್ಟವರು ಅಂತಲ್ಲ. ಆ ಹೊತ್ತಿನಲ್ಲಿ ನೀವು ಒಳ್ಳೆಯ ನ್ಯಾಯಾಧೀಶರಲ್ಲ. ಜೊತೆಗೆ ಊಟ ಮಾಡಿ, ಕೆಲಸದ ಮಾತಾಡಿ, ಸಣ್ಣ ಸಹಾಯ ಕೇಳಿ, ಸಣ್ಣ ಸಹಾಯ ಮಾಡಿ. "ನಾಳೆ ಕಳಿಸ್ತೀನಿ" ಅಂದ ಫೈಲು ನಾಳೆ ಬರುತ್ತದಾ ಅಂತ ನೋಡಿ. ನಂಬಿಕೆ ಬೆಳೆಯಬೇಕಾದ್ದು ಇಂಥ ಬೇಜಾರಿನ ವಿಷಯಗಳಲ್ಲಿ.

ಈಗ ಗೌರವದ ಮಾತಿಗೆ ಬರುತ್ತೇನೆ. ಜೆನಿಫರ್ ಕ್ರಾಕರ್ ಅನ್ನುವ ಮನಶ್ಶಾಸ್ತ್ರಜ್ಞೆ ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟ. ಒಬ್ಬ ಮನುಷ್ಯನಿಗೆ ತನ್ನ ಬಗ್ಗೆ ಎಷ್ಟು ಗೌರವ ಇದೆ ಅಂತ ಎಲ್ಲರೂ ಕೇಳುತ್ತಿದ್ದಾಗ, ಅದು ಯಾವುದರ ಮೇಲೆ ನಿಂತಿದೆ ಅಂತ ಅವರು ಕೇಳಿದರು. ಕೆಲವರದು ಬೇರೆಯವರ ಮೆಚ್ಚುಗೆಯ ಮೇಲೆ ನಿಂತಿರುತ್ತದೆ. ಕೆಲವರದು ಗೆಲ್ಲುವುದರ ಮೇಲೆ, ಕೆಲವರದು ಮನೆಯವರ ಪ್ರೀತಿಯ ಮೇಲೆ, ಕೆಲವರದು ತಾನು ಸರಿಯಾಗಿ ನಡೆದುಕೊಂಡೆ ಅನ್ನುವುದರ ಮೇಲೆ. ಮೆಚ್ಚುಗೆಯ ಮೇಲೆ ನಿಂತ ಗೌರವಕ್ಕೆ ತಣ್ಣನೆಯ ಕಚೇರಿಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಅಲ್ಲಿ ಮೆಚ್ಚುಗೆಯೇ ಹುಟ್ಟುವುದಿಲ್ಲ, ಹುಟ್ಟಿದರೂ ಯಾರದೋ ರಾಜಕೀಯಕ್ಕೆ.

"ಹಾಗಾದರೆ ಯಾರು ಏನೆಂದರೂ ತಲೆ ಕೆಡಿಸಿಕೊಳ್ಳಬೇಡಿ ಅಂತೀರಾ?" ಇಲ್ಲ. ಆ ಉಪದೇಶ ನನಗೆ ಹಿಡಿಸುವುದಿಲ್ಲ. ತಲೆ ಕೆಡಿಸಿಕೊಳ್ಳದವನು ಕೆಲಸ ಕಲಿಯುವುದೂ ಇಲ್ಲ. ಟೀಕೆಯನ್ನು ಸೀಳಿ ನೋಡಬೇಕು. ಅದು ಕೆಲಸದ ಹೆಸರು ಹೇಳುತ್ತದಾ, ನಿಮ್ಮ ಹೆಸರು ಹೇಳುತ್ತದಾ? "ಮೂರನೇ ಪುಟದ ಮೊತ್ತ ಕೆಳಗಿನ ಪಟ್ಟಿಗೆ ಹೊಂದುತ್ತಿಲ್ಲ" ಅಂದರೆ ಎಷ್ಟೇ ಸಿಡುಕಿ ಹೇಳಿದರೂ ಅದು ನಿಮಗೆ ಕೊಟ್ಟ ಉಡುಗೊರೆ, ತೆಗೆದುಕೊಳ್ಳಿ. "ನಿಮಗೆ ಇದೆಲ್ಲ ಆಗಲ್ಲ ಬಿಡಿ" ಅಂದರೆ ಅದರಲ್ಲಿ ತಿದ್ದಲು ಏನೂ ಇಲ್ಲ. ಆಗ ಒಂದು ಪ್ರಶ್ನೆ ಕೇಳಿ, ಮೆತ್ತಗೆ: "ಯಾವ ಭಾಗ ಸರಿಯಾಗಿಲ್ಲ ಅಂತ ತೋರಿಸ್ತೀರಾ?" ನಿಜವಾದ ಟೀಕೆಗಾರ ಬೆರಳಿಟ್ಟು ತೋರಿಸುತ್ತಾನೆ. ಹೀಯಾಳಿಸಲು ಬಂದವನು ವಿಷಯ ಬದಲಿಸುತ್ತಾನೆ. ಹೊಗಳುವವರಿಗೂ ಇದೇ ಪ್ರಶ್ನೆ ಕೇಳಬಹುದು. "ಸೂಪರ್ ಆಗಿದೆ" ಅಂದವರನ್ನು "ಯಾವುದು ಇಷ್ಟ ಆಯ್ತು?" ಅಂತ ಕೇಳಿ ನೋಡಿ. ಓದಿದವರು ಹೇಳುತ್ತಾರೆ. ಬೆಣ್ಣೆ ಹಚ್ಚಲು ಬಂದವರು "ಎಲ್ಲಾನೂ!" ಅಂತಾರೆ.

ಇನ್ನೊಂದು, ಬರೆದಿಡಿ. ದಿನಚರಿ ಅಲ್ಲ, ಅತ್ತದ್ದು ಕರೆದದ್ದು ಬೇಡ. ದಿನದ ಕೊನೆಗೆ ಒಂದೋ ಎರಡೋ ಸಾಲು, ತಾರೀಖಿನ ಜೊತೆ. "ಗ್ರಾಹಕರ ಪಟ್ಟಿಯಲ್ಲಿ ಎರಡೆರಡು ಸಲ ಬಂದಿದ್ದ ಹೆಸರು ತೆಗೆದೆ, ಲೆಕ್ಕದ ವಿಭಾಗದವರು ಸಂಜೆಯೇ ಬಿಲ್ ಕಳಿಸಿದರು." ಇಷ್ಟೇ. ಇದರಲ್ಲಿ "ನಾನು ಜಾಣ" ಅನ್ನುವ ಮಾತಿಲ್ಲ, ಯಾರ ಮೇಲೂ ದೂರಿಲ್ಲ. ತಣ್ಣನೆಯ ಜಾಗದಲ್ಲಿ ಮನಸ್ಸು ಮೊದಲು ಮರೆಯುವುದು ತಾನು ಮಾಡಿದ ಕೆಲಸವನ್ನೇ. ವರ್ಷದ ಕೊನೆಗೆ "ಈ ವರ್ಷ ಏನು ಮಾಡಿದಿರಿ?" ಅಂತ ಮೇಲಿನವರು ಕೇಳಿದಾಗ ನಾಲಿಗೆ ಒಣಗುವುದು ಇದಕ್ಕೇ. ಅದೇ ಪುಸ್ತಕದ ಇನ್ನೊಂದು ತುದಿಯಿಂದ, ನಿಮ್ಮನ್ನು ಬೇಕಂತಲೇ ಬಿಟ್ಟ ಸಭೆಗಳು, ಎಲ್ಲರ ಮುಂದೆ ಆಡಿದ ಮಾತುಗಳು, ತಾರೀಖು, ಯಾರು ಇದ್ದರು, ಸರಿಯಾಗಿ ಏನಂದರು, ಅದನ್ನೂ ಬರೆಯಿರಿ. ಅದು ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರೆ ಅಂತ ಅನ್ನಿಸುವವರಿಗೆ ಒಂದು ಟೀ ಶರ್ಟಿನ ಕಥೆ. ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ಹಾಕಿಕೊಂಡರೆ ನಾಚಿಕೆಯಾಗುವಂಥ ಒಬ್ಬ ಗಾಯಕನ ಚಿತ್ರದ ಟೀ ಶರ್ಟ್ ತೊಡಿಸಿ ಒಬ್ಬ ವಿದ್ಯಾರ್ಥಿಯನ್ನು ಬೇರೆ ವಿದ್ಯಾರ್ಥಿಗಳು ಕೂತ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ ಹೆಚ್ಚುಕಡಿಮೆ ಅರ್ಧ ಜನ ಅಂದರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಿಮ್ಮ ತಪ್ಪನ್ನು ನೀವು ನೆನಪಿಟ್ಟುಕೊಂಡಷ್ಟು ಯಾರೂ ಇಟ್ಟುಕೊಂಡಿರುವುದಿಲ್ಲ. ಅವರಿಗೂ ಅವರವರ ಟೀ ಶರ್ಟಿನದೇ ಚಿಂತೆ.

ಮತ್ತೆ ಒಬ್ಬರು ಬೇಕು. ಹತ್ತು ಜನ ಬೇಡ, ಒಬ್ಬರು. 1950ರ ದಶಕದಲ್ಲಿ ಸಾಲೊಮನ್ ಆಶ್ ಮಾಡಿದ ಗೆರೆಗಳ ಪ್ರಯೋಗ ನಿಮಗೆ ಗೊತ್ತಿರಬಹುದು. ಯಾವ ಗೆರೆ ಯಾವುದರಷ್ಟು ಉದ್ದ ಅಂತ ಹೇಳಬೇಕು, ಮಗುವೂ ಹೇಳುವಂಥದ್ದು. ಕೋಣೆಯಲ್ಲಿರುವ ಉಳಿದವರೆಲ್ಲ ಮೊದಲೇ ಹೇಳಿಕೊಟ್ಟ ಹಾಗೆ ತಪ್ಪು ಹೇಳುತ್ತಾರೆ. ಆಗ ಪಾಪ ಆ ಒಬ್ಬ ಮನುಷ್ಯ ಮೂರರಲ್ಲಿ ಒಂದು ಸಲಕ್ಕಿಂತ ಜಾಸ್ತಿ ತನ್ನ ಕಣ್ಣನ್ನೇ ಬಿಟ್ಟು ಅವರ ಮಾತಿಗೆ ಸೇರುತ್ತಿದ್ದ. ಇದು ಎಲ್ಲರೂ ಹೇಳುವ ಭಾಗ. ಹೇಳದ ಭಾಗ ಇನ್ನೂ ಚೆನ್ನಾಗಿದೆ. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಬಹುಮತ ಹಾಗೇ ಇತ್ತು, ಬಂದದ್ದು ಒಂದು ದನಿ ಮಾತ್ರ.

ಆ ಒಬ್ಬರು ನಿಮ್ಮ ಟೀಮಿನವರೇ ಆಗಬೇಕಿಲ್ಲ. ಬೇರೆ ವಿಭಾಗದವರು, ಹಳೆಯ ಕೆಲಸದವರು, ಅದೇ ಕಸುಬಿನ ಇನ್ನೆಲ್ಲೋ ಇರುವವರು ಆಗಬಹುದು. ನಿಮ್ಮನ್ನು ಸಮಾಧಾನ ಮಾಡುವವರಿಗಿಂತ, "ನೀನು ಹೇಳಿದ್ದು ಸರಿ, ಆದರೆ ಆ ಮೇಲ್ ಬರೆದ ರೀತಿ ಸರಿ ಇರಲಿಲ್ಲ" ಅನ್ನಬಲ್ಲವರು. ಮೊದಲು ಹೇಳಿದ ಸಿಡುಕು ಮುಖದವರು ನೆನಪಿದ್ದಾರಲ್ವಾ? ಅವರನ್ನು ಒಮ್ಮೆ ಮಾತಾಡಿಸಿ ನೋಡಿ.

ಇಲ್ಲಿಯವರೆಗೆ ತಣ್ಣನೆಯ ಜಾಗದ ಮಾತಾಯಿತು. ಕೆಲವು ಜಾಗಗಳು ತಣ್ಣಗಿರುವುದಿಲ್ಲ, ವಿಷವಾಗಿರುತ್ತವೆ. ಅಲ್ಲಿ ಈ ಉಪಾಯಗಳನ್ನೆಲ್ಲ ಹಿಡಿದು ಕೂರುವುದು ತಪ್ಪು. ಸ್ವೀಡನ್ನಿನಲ್ಲಿ ಹೈಂಜ್ ಲೇಮನ್ ಅನ್ನುವವರು 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದರು. ಅವರ ಗೆರೆ ಹೀಗಿತ್ತು: ವಾರಕ್ಕೆ ಒಂದು ಸಲವಾದರೂ, ಆರು ತಿಂಗಳಾದರೂ, ಒಬ್ಬರನ್ನೇ ಗುರಿ ಮಾಡಿ ನಡೆದರೆ ಅದು ಬರೀ ಜಗಳ ಅಲ್ಲ, ಕಿರುಕುಳ. 1993ರಲ್ಲಿ ಸ್ವೀಡನ್ ಇದಕ್ಕೆ ನಿಯಮವನ್ನೇ ತಂದಿತು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ 190ನೇ ಒಪ್ಪಂದ ಮಾಡಿತು, 2021ರ ಜೂನ್ 25ರಂದು ಅದು ಜಾರಿಗೆ ಬಂತು. ಒಂದೇ ಸಲ ನಡೆದರೂ ಅದು ಕಿರುಕುಳ ಆಗಬಹುದು ಅಂತ ಆ ಒಪ್ಪಂದ ಹೇಳುತ್ತದೆ. ಆಗ ಬರೆದಿಡಿ ಅಂದೆನಲ್ಲ, ಅದು ಇದಕ್ಕೆ. ದೂರು ಕೊಡುವ ದಿನ "ಯಾವಾಗಲೂ ಹೀಗೇ ಮಾಡ್ತಾರೆ" ಅಂದರೆ ಯಾರೂ ಕೇಳುವುದಿಲ್ಲ. ತಾರೀಖು, ಮಾತು, ಸಾಕ್ಷಿ ಇದ್ದರೆ ಕೇಳಲೇಬೇಕಾಗುತ್ತದೆ.

ಬೈದರೆ ಮಾತ್ರ ಕಿರುಕುಳ, ಮಾತಾಡಿಸದಿದ್ದರೆ ಏನೂ ಅಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕೆನಡಾದ ಸಂಶೋಧಕರು 2015ರಲ್ಲಿ ಇದನ್ನೇ ನೋಡಿದರು. ಕಡೆಗಣಿಸುವುದು ಕಿರುಕುಳಕ್ಕಿಂತ ಕಡಿಮೆ ಹಾನಿ ಅಂತ ಜನ ಎಣಿಸುತ್ತಾರೆ. ಅನುಭವಿಸಿದವರ ಲೆಕ್ಕದಲ್ಲಿ ಉಲ್ಟಾ: ಮನಸ್ಸು ಕುಗ್ಗುವುದಕ್ಕೂ ಕೆಲಸ ಬಿಡುವುದಕ್ಕೂ ಹೆಚ್ಚು ಸಂಬಂಧ ಇದ್ದದ್ದು ಕಡೆಗಣನೆಗೆ. ಬೈದವನಿಗೆ ನೀವು ಇದ್ದೀರಿ ಅಂತಾದರೂ ಗೊತ್ತು. ಹಾಗಾಗಿ "ಯಾರೂ ಏನೂ ಅಂದಿಲ್ಲವಲ್ಲ, ಮತ್ತೆ ಯಾಕೆ ಬಿಡ್ತೀಯಾ?" ಅಂತ ಮನೆಯವರು ಕೇಳಿದರೆ, ಏನೂ ಅನ್ನದಿರುವುದೇ ಕಾರಣ ಆಗಬಹುದು ಅಂತ ಹೇಳಿ. ಬಿಡುವ ಮುಂಚೆ ಇನ್ನೊಂದು ಕೆಲಸ ಕೈಯಲ್ಲಿರಲಿ. ಸ್ವಾಭಿಮಾನದ ಮಾತು ಕೇಳಿ ನಾಳೆಯೇ ರಾಜೀನಾಮೆ ಕೊಟ್ಟು, ಬಾಡಿಗೆ ಕಟ್ಟಲಾಗದೆ, ಮುಂದೆ ಇದಕ್ಕಿಂತ ಕೆಟ್ಟ ಜಾಗಕ್ಕೆ ಸೇರಬೇಕಾದ ಹಾಗೆ ಆಗುವುದು ಬೇಡ.

ಹೊಸ ಕೆಲಸ ಹುಡುಕುವಾಗ ಆ ಜಾಗವನ್ನು ಅಳೆಯುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಗೋಡೆಯ ಮೇಲಿನ ಘೋಷಣೆಗಳನ್ನು ಓದಬೇಡಿ. "ಇಲ್ಲಿ ಯಾರಾದರೂ ತಪ್ಪು ಮಾಡಿದರೆ ಏನಾಗುತ್ತದೆ? ಈಚೆಗೆ ಆದದ್ದು ಒಂದು ಹೇಳ್ತೀರಾ?" ಅಂತ ಕೇಳಿ. ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಲು ಹೋದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಸಿಗಬೇಕಿತ್ತಲ್ವಾ? ಜಾಸ್ತಿ ಸಿಕ್ಕವು. ಅಲ್ಲಿ ತಪ್ಪು ಜಾಸ್ತಿ ಆಗುತ್ತಿರಲಿಲ್ಲ, ಆದದ್ದನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. "ನಮ್ಮಲ್ಲಿ ತಪ್ಪೇ ಆಗಲ್ಲ" ಅಂತ ಸಂದರ್ಶನದಲ್ಲಿ ಹೇಳಿದರೆ ನಿಮಗೆ ಉತ್ತರ ಸಿಕ್ಕಿತು.

ಕೊನೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು. "ನೀವು ಹೊರಗಿರುವವರ ಮಾತೇ ಆಡಿದಿರಿ. ನಾನು ಅದೇ ಜಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ, ನಾನೇ ಒಳಗಿನವಳು. ನಾನೇನು ಮಾಡಲಿ?" ಅಂದರು. ಅವರಿಗೆ ಹೇಳಿದ್ದು ಇಷ್ಟು. ಹೊಸಬರು ಬಂದ ದಿನ ಸಭೆಯ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ಅಂತ ನೀವೇ ಒಮ್ಮೆ ನೋಡಿ, ಮೇಲ್ ಗುಂಪಿಗೆ ಸೇರಿಸಿ. ನಿಮ್ಮನಿಮ್ಮಲ್ಲಿ ಮಾತ್ರ ಗೊತ್ತಿರುವ ಹಳೆಯ ತಮಾಷೆ ಬಂದರೆ ಅದು ಯಾವ ವಿಷಯ ಅಂತ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಅವರ ಸಲಹೆ ಸಭೆಯಲ್ಲಿ ಬಿದ್ದುಹೋದರೆ ಹೆಸರು ಹಿಡಿದು ಎತ್ತಿ ಮೇಜಿನ ಮೇಲಿಡಿ, ಕಾರಿಡಾರಿಗೆ ಕಾಯಬೇಡಿ. "ಇಷ್ಟೇನಾ?" ಅಂದರು ಆ ತಾಯಿ. ಇಷ್ಟೇ. ನಗಬೇಕು ಅಂತಲೂ ಇಲ್ಲ.